ಟೆನ್ಸ್ ಯಂತ್ರ: ಡಬ್ಬಿ ಮೇಲಿನ ‘ಎಂಡಾರ್ಫಿನ್’ ಮಾತು ಎಷ್ಟರ ಮಟ್ಟಿಗೆ ನಿಜ?

ಎರಡು ಚಾನೆಲ್, ನಾಲ್ಕು ಪ್ಯಾಡ್, ಒಂದು 9 ವೋಲ್ಟ್ ಬ್ಯಾಟರಿ. ಚರ್ಮದ ಮೇಲಿಂದ ನರಗಳಿಗೆ ಸಣ್ಣ ವಿದ್ಯುತ್ ಪಲ್ಸ್‌ಗಳನ್ನು ಕೊಟ್ಟು ನೋವು ತಗ್ಗಿಸಲೆಂದು ಮಾರುವ ಟೆನ್ಸ್ ಯಂತ್ರಗಳಲ್ಲಿ ತೀರಾ ಸಾಮಾನ್ಯ ಮಾದರಿ ಇದು. ಡಬ್ಬಿಯ ಮೇಲೆ ‘ದೇಹದ ಸ್ವಂತ ಎಂಡಾರ್ಫಿನ್ ಹೊರಡಿಸುತ್ತದೆ’ ಎಂದು ಬರೆದಿರುತ್ತದೆ. ಸುಳ್ಳಲ್ಲ, ಆದರೆ ಅರ್ಧ ಮಾತು. ಯಾವ ಸೆಟ್ಟಿಂಗ್‌ನಲ್ಲಿ ಏನಾಗುತ್ತದೆ ಎಂಬುದನ್ನು ಕೈಪಿಡಿಗಳು ಸಾಮಾನ್ಯವಾಗಿ ಬಿಟ್ಟೇ ಬಿಡುತ್ತವೆ.

ದೇಹ ತಾನೇ ತಯಾರಿಸುವ, ಮಾರ್ಫಿನ್‌ನಂತೆ ನೋವು ತಗ್ಗಿಸುವ ಚಿಕ್ಕ ಪ್ರೋಟೀನ್ ತುಣುಕುಗಳೇ ಓಪಿಯಾಯ್ಡ್ ಪೆಪ್ಟೈಡ್‌ಗಳು; ಅವುಗಳಲ್ಲಿ ಎಂಡಾರ್ಫಿನ್ ಒಂದು ಬಳಗ ಮಾತ್ರ. 1975ರಲ್ಲಿ ವಿಜ್ಞಾನಿಗಳಾದ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಜ್ ಹಂದಿಯ ಮೆದುಳಿನಲ್ಲಿ ಗುರುತಿಸಿದ ಎನ್‌ಕೆಫಲಿನ್‌ಗಳಲ್ಲಿ ಐದೇ ಅಮೈನೊ ಆಮ್ಲಗಳು, ಬೀಟಾ-ಎಂಡಾರ್ಫಿನ್‌ನಲ್ಲಿ 31, ಇದೇ ಗುಂಪಿನ ಇನ್ನೊಂದಾದ ಡೈನಾರ್ಫಿನ್-ಎಯಲ್ಲಿ 17. ಎನ್‌ಕೆಫಲಿನ್ ಹೊರಬಿದ್ದ ಕೂಡಲೇ ಕಿಣ್ವಗಳು ಅದನ್ನು ಕತ್ತರಿಸುತ್ತವೆ, ಹಾಗಾಗಿ ಬಿಡುಗಡೆಯಾದ ಜಾಗದ ಸುತ್ತಮುತ್ತಲೇ ಅದರ ಕೆಲಸ. ಟೆನ್ಸ್‌ನ ನೋವು ತಗ್ಗಿಸುವ ಕೆಲಸ ಮುಖ್ಯವಾಗಿ ನಡೆಯುವುದು ಬೆನ್ನುಹುರಿ ಮತ್ತು ಮೆದುಳಿನ ಕಾಂಡದಲ್ಲಿ. ಪ್ಯಾಡ್ ಅಂಟಿಸಿದ ಚರ್ಮದಲ್ಲಲ್ಲ.

ಮಂಡಿ ಊದಿದ ಇಲಿಗಳ ಮೇಲೆ 1999ರಲ್ಲಿ ಪ್ರಕಟವಾದ ಪ್ರಯೋಗ ಇಲ್ಲಿ ನೆನಪಿಡಬೇಕಾದ್ದು. ಓಪಿಯಾಯ್ಡ್‌ಗಳು ಹೋಗಿ ಕೂರುವ ನರಕೋಶದ ಗ್ರಾಹಕಗಳಲ್ಲಿ ಮ್ಯೂ, ಡೆಲ್ಟಾ ಎಂಬ ಬಗೆಗಳಿವೆ. ಬೆನ್ನುಹುರಿಯಲ್ಲಿ ಮ್ಯೂ ಗ್ರಾಹಕಗಳನ್ನು ತಡೆದಾಗ 4 ಹರ್ಟ್ಸ್ (ಸೆಕೆಂಡಿಗೆ ನಾಲ್ಕು ಪಲ್ಸ್) ಟೆನ್ಸ್‌ನ ಪರಿಣಾಮ ಹೋಯಿತು, ಡೆಲ್ಟಾ ಗ್ರಾಹಕಗಳನ್ನು ತಡೆದಾಗ 100 ಹರ್ಟ್ಸ್‌ನದು ಹೋಯಿತು. ಎಂದರೆ ಹರ್ಟ್ಸ್ ಬದಲಿಸಿದರೆ ಒಳಗೆ ದಾರಿಯೇ ಬದಲು. ಈ ಒಂದು ಕಾರಣಕ್ಕೇ ನಮ್ಮ ಮತ ತಿರುಗಿಸುವ ನಾಬ್‌ಗಳಿರುವ ಹಳೆಯ ಮಾದರಿಗೆ. ಅದರಲ್ಲಿ ಹರ್ಟ್ಸ್, ಮೈಕ್ರೊಸೆಕೆಂಡ್ (ಒಂದೊಂದು ಪಲ್ಸ್ ಎಷ್ಟು ಹೊತ್ತು ಎಂಬುದು) ಎರಡೂ ಅಂಕಿಗಳಲ್ಲಿ ಕಾಣುತ್ತವೆ. ‘ಪಿ1’ರಿಂದ ‘ಪಿ8’ರವರೆಗೆ ಬರೀ ಕಾರ್ಯಕ್ರಮಗಳ ಹೆಸರಿಟ್ಟು ಅಂಕಿಗಳನ್ನು ಮುಚ್ಚಿಡುವ ಮಾದರಿ ನೋಡಲು ಚೆಂದ, ಕೊಳ್ಳಲು ಬೇಡ.

ಕಡಿಮೆ ಹರ್ಟ್ಸ್‌ಗೆ 2ರಿಂದ 4 ಹರ್ಟ್ಸ್, 200 ಮೈಕ್ರೊಸೆಕೆಂಡ್, ಸ್ನಾಯು ಸಣ್ಣಗೆ ಮಿಡಿಯುವಷ್ಟು ಕರೆಂಟ್. ಹೆಚ್ಚಿನದಕ್ಕೆ 80ರಿಂದ 100 ಹರ್ಟ್ಸ್, ಸುಮಾರು 100 ಮೈಕ್ರೊಸೆಕೆಂಡ್, ಮಿಡಿತವಿಲ್ಲದೆ ಗಟ್ಟಿಯಾದ ಜುಮುಜುಮು. ಹೊತ್ತು 20ರಿಂದ 30 ನಿಮಿಷ. ‘ಇದರಿಂದ ಏನೂ ಆಗಲಿಲ್ಲ’ ಎಂದು ಯಂತ್ರವನ್ನು ಮೂಲೆಗೆ ಎಸೆಯುವವರಲ್ಲಿ ಬಹಳ ಮಂದಿ ಕರೆಂಟನ್ನು ತೀರಾ ಮೆತ್ತಗೆ ಇಟ್ಟಿರುತ್ತಾರೆ. ಬೇಕಾದ್ದು ‘ಜೋರು, ಆದರೆ ತಡೆದುಕೊಳ್ಳಬಹುದು’ ಅನ್ನಿಸುವ ಮಟ್ಟ. ಐದು ನಿಮಿಷಕ್ಕೆ ಜುಮುಜುಮು ತಗ್ಗಿದಂತೆ ಅನ್ನಿಸಿದರೆ ಒಂದು ಗೆರೆಯಷ್ಟು ಏರಿಸಿ.

ದಿನವೂ ಒಂದೇ ಸೆಟ್ಟಿಂಗ್ ಬಳಸಿದರೆ ನಾಲ್ಕೈದು ದಿನದಲ್ಲಿ ಪರಿಣಾಮ ಕುಗ್ಗುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ಓಪಿಯಾಯ್ಡ್ ಗ್ರಾಹಕಗಳು ಒಗ್ಗಿಕೊಂಡಿರುತ್ತವೆ, ಮಾರ್ಫಿನ್‌ಗೆ ಒಗ್ಗಿದಂತೆಯೇ. ಕಡಿಮೆ ಮತ್ತು ಹೆಚ್ಚು ಹರ್ಟ್ಸ್ ಅದಲು ಬದಲು ಮಾಡಿದರೆ ಇದು ತಡವಾಗುತ್ತದೆ. ಬಹಳ ಕಾಲದಿಂದ ಮಾರ್ಫಿನ್ ತೆಗೆದುಕೊಳ್ಳುತ್ತಿರುವವರಲ್ಲಿ ಮ್ಯೂ ದಾರಿ ಮೊದಲೇ ಮಂಕಾಗಿರುವುದರಿಂದ 100 ಹರ್ಟ್ಸ್‌ನಿಂದಲೇ ಶುರುಮಾಡುವುದು ಲೇಸು.

ಪ್ಯಾಡ್‌ಗಳದ್ದೇ ಈ ಯಂತ್ರದ ದೊಡ್ಡ ತಲೆನೋವು. ಜೆಲ್ ಒಣಗಿ ಅಂಚು ಎದ್ದರೆ ಅಷ್ಟೇ ಕರೆಂಟು ಉಳಿದ ಸಣ್ಣ ಜಾಗದಲ್ಲಿ ನುಗ್ಗುತ್ತದೆ, ಸೂಜಿ ಚುಚ್ಚಿದಂತೆ ಚುರುಗುಡುತ್ತದೆ. ಚರ್ಮವನ್ನು ಸೋಪು ನೀರಿನಲ್ಲಿ ತೊಳೆದು ಒರೆಸಿ; ಎಣ್ಣೆ, ಕ್ರೀಮು ಇರಬಾರದು. ಜೆಲ್ ಮೇಲೆ ಒಂದು ಹನಿ ನೀರು ಸವರಿ. ಬಳಸಿದ ಮೇಲೆ ಪ್ಲಾಸ್ಟಿಕ್ ಹಾಳೆಗೆ ಮರಳಿ ಅಂಟಿಸಿ ಚೀಲದಲ್ಲಿಡಿ. ತೆಗೆಯುವಾಗ ಪ್ಯಾಡಿನ ಅಂಚು ಹಿಡಿಯಿರಿ, ವೈರು ಎಳೆಯಬೇಡಿ.

ಪೇಸ್‌ಮೇಕರ್ ಇರುವವರು ಇದನ್ನು ಮುಟ್ಟಬಾರದು. ಕತ್ತಿನ ಮುಂಭಾಗ, ತಲೆ, ಸ್ಪರ್ಶ ತಿಳಿಯದ ಅಥವಾ ಗಾಯವಾದ ಚರ್ಮ, ಗರ್ಭಿಣಿಯರ ಹೊಟ್ಟೆ, ಇವುಗಳ ಮೇಲೆ ಪ್ಯಾಡ್ ಬೇಡ. ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ವಾಹನ ಓಡಿಸುವಾಗಲೂ ಕೂಡದು. ನೋವಿನ ಕಾರಣವನ್ನು ಈ ಯಂತ್ರ ವಾಸಿಮಾಡುವುದಿಲ್ಲ. ಕಾರಣ ತಿಳಿಯದ ನೋವಿಗೆ ಮೊದಲು ತಪಾಸಣೆ.

ಒಂದು ಚಾನೆಲ್ ಸದ್ದಿಲ್ಲದೆ ಸತ್ತರೆ, ಎರಡೂ ನಾಬ್ ಸೊನ್ನೆಗಿಟ್ಟು ವೈರುಗಳನ್ನು ಅದಲು ಬದಲು ಮಾಡಿ ನೋಡಿ. ದೋಷ ವೈರಿನ ಜೊತೆ ಆ ಕಡೆ ಹೋದರೆ ಪಿನ್ನಿನ ಕುತ್ತಿಗೆಯಲ್ಲಿ ತಂತಿ ತುಂಡಾಗಿರುವ ಸಂಭವವೇ ಹೆಚ್ಚು. ಹೊಸ ವೈರು ಹಾಕಿದರೆ ಸಾಕು.