ಮರದ ಚೂರು ಹಣ್ಣಿನ ಗಿಡಕ್ಕೆ ಹಾಕುವ ಮೊದಲು ಮೂಸಿ ನೋಡಿ

ಎತ್ತರಕ್ಕೆ ಗುಡ್ಡೆ ಹಾಕಿ ಬಹಳ ದಿನ ಮಗುಚದೆ ಬಿಟ್ಟಿದ್ದ ಹಸಿ ಮರದ ಚೂರು. ಅದನ್ನೇ ತಂದು ಒಬ್ಬರು ಎಳೆಯ ನಿಂಬೆ, ಕಿತ್ತಳೆ ಗಿಡಗಳ ಬುಡಕ್ಕೆ ಹೊದಿಕೆ ಹಾಕಿದರು. ಒಂದೆರಡು ದಿನಕ್ಕೇ ಕೆಳಗಿನ ಎಲೆಗಳ ಅಂಚು ಸುಟ್ಟಂತಾಗಿ ಉದುರತೊಡಗಿದವು. ರೋಗವಿರಬೇಕೆಂದು ಔಷಧಿ ಹೊಡೆದರೂ ಗಿಡ ಚೇತರಿಸಲಿಲ್ಲ. ಹಾಗೆಲ್ಲ ಆಗಬಾರದೆಂದೇ ಈ ಬರಹ.

ಅಲ್ಲಿ ಕೆಟ್ಟಿದ್ದು ಚೂರೇ. ಒದ್ದೆ ಗುಡ್ಡೆಯ ಒಳಗೆ ಗಾಳಿಯಾಡದಿದ್ದರೆ ಅದು ಕೊಳೆಯುವ ಬದಲು ಹುಳಿಯುತ್ತದೆ. ಅಸಿಟಿಕ್ ಆಮ್ಲ, ಮೆಥನಾಲ್, ಅಮೋನಿಯಾ, ಹೈಡ್ರೋಜನ್ ಸಲ್ಫೈಡ್ ಹುಟ್ಟಿಕೊಳ್ಳುತ್ತವೆ. ಪಿಎಚ್ (ಇದು ಕಡಿಮೆಯಾದಷ್ಟೂ ಹುಳಿ ಹೆಚ್ಚು) 4ಕ್ಕಿಂತ ಕೆಳಗಿಳಿಯಬಹುದು. ಎಲೆ ಸುಡುವುದು ಮೇಲೇಳುವ ಹಬೆಯಿಂದ, ಬೇರು ಸುಡುವುದು ಕೆಳಗಿಳಿಯುವ ರಸದಿಂದ. ಪತ್ತೆ ಮಾಡಲು ಯಾವ ಉಪಕರಣವೂ ಬೇಡ: ಗುಡ್ಡೆಯ ನಡುವಿನಿಂದ ಒಂದು ಹಿಡಿ ತೆಗೆದು ಮೂಸಿ. ಮಣ್ಣಿನ ವಾಸನೆ ಇದ್ದರೆ ಹಾಕಬಹುದು. ವಿನೆಗರ್, ಅಮೋನಿಯಾ ಅಥವಾ ಕೊಳೆತ ಮೊಟ್ಟೆಯ ನಾತ ಬಂದರೆ ಗಿಡದ ಹತ್ತಿರ ಒಯ್ಯಲೇಬೇಡಿ. ನೆಲದ ಮೇಲೆ ತೆಳುವಾಗಿ ಹರಡಿ, ಆಗಾಗ ಮಗುಚಿ, ನಾತ ಪೂರ್ತಿ ಹೋಗುವವರೆಗೆ ಆರಲು ಬಿಡಿ. ಈಗಾಗಲೇ ಹಾಕಿಬಿಟ್ಟಿದ್ದರೆ ಮೊದಲು ಹೊದಿಕೆ ತೆಗೆದು, ಆಮೇಲೆ ಧಾರಾಳವಾಗಿ ನೀರು ಹಾಯಿಸಿ. ತೆಗೆಯದೆ ನೀರು ಬಿಟ್ಟರೆ ಆಮ್ಲವೆಲ್ಲ ಬೇರಿಗೇ ಇಳಿಯುತ್ತದೆ.

ಅದೇ ಗಿಡಗಳಲ್ಲಿ ಮತ್ತೊಂದು ಅನಾಹುತವೂ ಆಗಿತ್ತು. ಹೊದಿಕೆಯನ್ನು ಕಾಂಡಕ್ಕೆ ಒತ್ತಿ, ಕಸಿ ಗಂಟು ಮುಚ್ಚುವಷ್ಟು ಪೇರಿಸಿದ್ದರು. ತೊಗಟೆ ಸದಾ ಒದ್ದೆಯಾಗಿದ್ದರೆ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣು ಒಳಹೊಕ್ಕು ಬುಡ ಕೊಳೆಯುತ್ತದೆ, ನಿಂಬೆ ಜಾತಿಯ ಗಿಡಗಳಲ್ಲಿ ಅಂಟು ಸೋರುತ್ತದೆ. ಕೊಳೆ ಕಾಂಡದ ಸುತ್ತಲೂ ಆವರಿಸಿತೆಂದರೆ ಆ ಗಿಡದ ಆಸೆ ಬಿಟ್ಟಂತೆಯೇ. ಜೊತೆಗೆ ಇಲಿಗಳು ಹೊದಿಕೆಯಡಿ ಅಡಗಿ ತೊಗಟೆ ಕೆರೆಯುತ್ತವೆ. ಕಾಂಡದ ಸುತ್ತ ಕನಿಷ್ಠ 15 ಸೆಂ.ಮೀ. ಬರಿದಾಗಿರಲಿ, ಬೇರು ಕವಲೊಡೆಯುವ ಬುಡದ ಉಬ್ಬು ಕಣ್ಣಿಗೆ ಕಾಣಬೇಕು. ಅಲ್ಲಿಂದ ಕೊಂಬೆಗಳ ನೆರಳಿನ ಅಂಚಿನವರೆಗೆ 5ರಿಂದ 10 ಸೆಂ.ಮೀ. ದಪ್ಪ ಸಾಕು. ನೀರು ಬೇಗ ಬಸಿಯದ ಜೇಡಿ ಮಣ್ಣಾದರೆ 5 ಸೆಂ.ಮೀ.ಗೇ ನಿಲ್ಲಿಸಿ.

ಒರಟು ಚೂರು, ಒಣ ತರಗೆಲೆ ಒಳ್ಳೆಯವು. ನುಣ್ಣನೆಯ ಗರಗಸದ ಹುಡಿ ದಪ್ಪಗೆ ಬಿದ್ದರೆ ಪದರಗಟ್ಟಿ ನೀರು, ಗಾಳಿ ಎರಡನ್ನೂ ತಡೆಯುತ್ತದೆ. ಹುಡಿಯಾಗಲಿ ಚೂರಾಗಲಿ, ಮಣ್ಣಿಗೆ ಬೆರೆಸಬೇಡಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಬೇರಿನ ವಲಯದ ಸಾರಜನಕವನ್ನು ಎಳೆದುಕೊಳ್ಳುತ್ತವೆ. ಮೇಲೆಯೇ ಇದ್ದರೆ ಈ ತೊಂದರೆ ಮೇಲ್ಪದರದಷ್ಟಕ್ಕೇ. ಹಸಿ ಹುಲ್ಲು ಒಮ್ಮೆಗೆ 2-3 ಸೆಂ.ಮೀ. ಮೀರಬಾರದು, ಬಿಸಿಯೇರಿ ಲೋಳೆಯಾಗುತ್ತದೆ.

ಹೊರಗಿನಿಂದ ತಂದ ಒಣಹುಲ್ಲು, ಕೊಟ್ಟಿಗೆ ಗೊಬ್ಬರದ ಬಗ್ಗೆ ವಿಶೇಷ ಎಚ್ಚರವಿರಲಿ. ಅಮಿನೋಪೈರಾಲಿಡ್, ಕ್ಲೋಪೈರಾಲಿಡ್‌ನಂಥ ಕಳೆನಾಶಕ ಹೊಡೆದ ಹುಲ್ಲು ನೋಡಲು ಚೆನ್ನಾಗಿಯೇ ಇರುತ್ತದೆ. ದನದ ಹೊಟ್ಟೆ ದಾಟಿದರೂ, ಕಾಂಪೋಸ್ಟ್ ಆದರೂ ವಿಷ ಉಳಿದಿರಬಹುದು. ಆ ಹುಲ್ಲು ಅಥವಾ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಮೂರು ಕುಂಡ, ಬೆರೆಸದ ಅದೇ ಮಣ್ಣಿನಲ್ಲಿ ಮೂರು ಕುಂಡ ಹುರುಳಿಕಾಯಿ ಬೀಜ ಬಿತ್ತಿ, ಮೂರು ವಾರ ನೋಡಿ. ಬೆರೆಸಿದ ಕುಂಡಗಳಲ್ಲಿ ಮಾತ್ರ ಎಲೆ ಬಟ್ಟಲಿನಂತೆ ಮುದುಡಿ ಕುಡಿ ತಿರುಚಿದರೆ ಅದನ್ನು ತೋಟದೊಳಗೆ ತರಬೇಡಿ.