ಬ್ಯಾಂಕಾಕ್‌ನ ರೆಪ್ಪೆ ಪ್ಯಾಕೇಜ್: ಹಾಸನ, ಚಿಕ್ಕಮಗಳೂರಿನವರು ಮುಂಗಡ ಕಟ್ಟುವ ಮೊದಲು

ಮೇಲ್ರೆಪ್ಪೆಯ ಹೆಚ್ಚುವರಿ ಚರ್ಮ ತೆಗೆಸಿಕೊಂಡು ಬರುವ ಬ್ಯಾಂಕಾಕ್ ಪ್ಯಾಕೇಜುಗಳ ಜಾಹೀರಾತು ಈಗ ನಮ್ಮ ಕಡೆಯ ಫೋನುಗಳಿಗೂ ಬರುತ್ತಿದೆ. ಐದು ರಾತ್ರಿ ಹೋಟೆಲ್, ಏರ್‌ಪೋರ್ಟಿನಿಂದ ಕಾರು, ಆಪರೇಷನ್, ಕೊನೆಗೆ ಪಟ್ಟಾಯದಲ್ಲಿ ಒಂದು ದಿನ: ಹೆಚ್ಚುಕಡಿಮೆ ಇದೇ ಅಚ್ಚು. ಇದರಲ್ಲಿ ಆಪರೇಷನ್ ಭಾಗಕ್ಕೆ ಒಳ್ಳೆಯ ಅಂಕ ಕೊಡಬಹುದು. ವಾಟ್ಸ್ಆ್ಯಪ್ ಫೋಟೊ ನೋಡಿ ಆಪರೇಷನ್ ನಿಶ್ಚಯಿಸುವ ಪದ್ಧತಿಗೆ ಅಂಕವಿಲ್ಲ. ಐದು ರಾತ್ರಿಯ ಲೆಕ್ಕಕ್ಕೂ ಇಲ್ಲ. ಇವೆರಡನ್ನು ನೀವೇ ಸರಿಪಡಿಸಿಕೊಂಡರೆ ಹೋಗಬಹುದಾದ ಸೇವೆ ಇದು; ಹಾಗೇ ತೆಗೆದುಕೊಂಡರೆ ಬೇಡ.

ಮೊದಲು ಫೋಟೊ ವಿಚಾರ. 'ರೆಪ್ಪೆ ಜೋತಿದೆ' ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಮೂರು ಬೇರೆ ಬೇರೆ ತೊಂದರೆಗಳಿವೆ. ಚರ್ಮ ಸಡಿಲವಾಗಿ ಮಡಿಕೆಯ ಮೇಲೆ ಇಳಿದಿರಬಹುದು. ರೆಪ್ಪೆ ಎತ್ತುವ ಸ್ನಾಯುವೇ ಸಡಿಲಗೊಂಡಿರಬಹುದು. ಇದನ್ನು ಡಾಕ್ಟರುಗಳು ಟೋಸಿಸ್ ಎನ್ನುತ್ತಾರೆ. ಅಥವಾ ಹುಬ್ಬು ಕೆಳಗಿಳಿದು ರೆಪ್ಪೆಯನ್ನು ತಳ್ಳುತ್ತಿರಬಹುದು. ಮೂರೂ ಫೋಟೊದಲ್ಲಿ ಒಂದೇ ಥರ ಕಾಣುತ್ತವೆ, ಮೂರಕ್ಕೂ ಆಪರೇಷನ್ ಬೇರೆ. ಪ್ಯಾಕೇಜಿನಲ್ಲಿ ಮಾರುವುದು ಚರ್ಮ ಕತ್ತರಿಸುವುದನ್ನು ಮಾತ್ರ. ಸ್ನಾಯುವಿನ ತೊಂದರೆ ಇರುವವರಿಗೆ ಚರ್ಮ ತೆಗೆದರೆ ಗಾಯ ಮಾಯುತ್ತದೆ, ಕಣ್ಣು ಮಾತ್ರ ಮೊದಲಿನಂತೆಯೇ ಅರ್ಧ ಮುಚ್ಚಿರುತ್ತದೆ. ಹುಬ್ಬು ಇಳಿದವರಿಗೆ ಚರ್ಮ ತೆಗೆದರೆ ಹುಬ್ಬು ಇನ್ನಷ್ಟು ಕೆಳಕ್ಕೆ ಬಂದು ರೆಪ್ಪೆಗೆ ತಾಗಿದಂತೆ ಕಾಣುತ್ತದೆ.

ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಕನ್ನಡಿಯ ಮುಂದೆ ಕೂತು ನೇರ ನೋಡಿ. ಹುಬ್ಬು ಏರದಂತೆ ಒಂದು ಬೆರಳಿನಿಂದ ಮೆಲ್ಲಗೆ ಹಿಡಿದು, ಇನ್ನೊಂದು ಕೈಯಲ್ಲಿ ಇಯರ್‌ಬಡ್‌ನಿಂದ ಜೋತ ಚರ್ಮವನ್ನಷ್ಟೇ ಸ್ವಲ್ಪ ಮೇಲೆ ಸರಿಸಿ. ಈಗ ರೆಪ್ಪೆಯ ಅಂಚು, ಅಂದರೆ ಕೂದಲು ಹುಟ್ಟುವ ಗೆರೆ, ಕಾಣುತ್ತದೆ. ಅದು ಕಣ್ಣಪಾಪೆಯಿಂದ ಸಾಕಷ್ಟು ಮೇಲಿದ್ದರೆ ತೊಂದರೆ ಚರ್ಮದ್ದು ಅಥವಾ ಹುಬ್ಬಿನದು. ಅಂಚೇ ಪಾಪೆಯ ಮೇಲೆ ಇಳಿದಿದ್ದರೆ ಸ್ನಾಯುವಿನದು. ಡಾಕ್ಟರು ಇದನ್ನೇ ಟಾರ್ಚ್ ಮತ್ತು ಸ್ಕೇಲಿನಿಂದ ಅಳೆಯುತ್ತಾರೆ: ಪಾಪೆಯ ಮೇಲೆ ಬೀಳುವ ಬೆಳಕಿನ ಚುಕ್ಕೆಯಿಂದ ಮೇಲ್ರೆಪ್ಪೆಯ ಅಂಚಿಗೆ 4ರಿಂದ 5 ಮಿ.ಮೀ. ಇರುವುದು ಸಹಜ, 2 ಮಿ.ಮೀ.ಗೆ ಇಳಿದಿದ್ದರೆ ಬರೀ ಚರ್ಮದ ಮಾತಲ್ಲ. ಬಹಳ ವರ್ಷ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರಲ್ಲಿ, ಮೋತಿಬಿಂದುವಿನ ಆಪರೇಷನ್ ಆದವರಲ್ಲಿ ಈ ಸ್ನಾಯು ಸಡಿಲವಾಗಿರುವುದು ಅಪರೂಪವಲ್ಲ. ಬೆಳಿಗ್ಗೆ ಸರಿಯಿದ್ದು ಸಂಜೆಯಾಗುತ್ತ ರೆಪ್ಪೆ ಜೋತರೆ ಅದು ಮಯಸ್ತೇನಿಯಾ, ಅಂದರೆ ಸ್ನಾಯು ಬೇಗ ದಣಿಯುವ ಕಾಯಿಲೆ, ಇರಬಹುದು, ಮೊದಲು ನರರೋಗ ತಜ್ಞರನ್ನು ಕಾಣಬೇಕು. ದಿಢೀರನೆ ಒಂದು ರೆಪ್ಪೆ ಬಿದ್ದು, ವಸ್ತುಗಳು ಎರಡೆರಡಾಗಿ ಕಂಡರೆ ಅಥವಾ ಒಂದು ಪಾಪೆ ದೊಡ್ಡದಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸೌಂದರ್ಯದ ಮಾತು ಆಮೇಲೆ.

ಈ ಅಳತೆಗೆ ಬ್ಯಾಂಕಾಕ್ ಬೇಡ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನ ಕಣ್ಣಿನ ವಿಭಾಗದಲ್ಲೋ ನಿಮ್ಮೂರಿನ ಕಣ್ಣಿನ ಡಾಕ್ಟರ ಹತ್ತಿರವೋ ಹತ್ತು ನಿಮಿಷದ ಕೆಲಸ. ಅಲ್ಲೇ ಶಿರ್ಮರ್ ಪರೀಕ್ಷೆಯನ್ನೂ ಕೇಳಿ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಟ್ಟು ಎಷ್ಟು ಒದ್ದೆಯಾಯಿತು ಎಂದು ನೋಡುತ್ತಾರೆ. 10 ಮಿ.ಮೀ.ಗಿಂತ ಕಡಿಮೆಯಾದರೆ ಕಣ್ಣು ಒಣಗುವ ಗುಣವಿದೆ ಎಂದರ್ಥ. 5ಕ್ಕಿಂತ ಕಡಿಮೆಯಾದರೆ ಈ ಆಪರೇಷನ್ನಿನ ಯೋಚನೆ ಬಿಡುವುದೇ ಒಳ್ಳೆಯದು, ಯಾಕೆಂದರೆ ಆಮೇಲೆ ರೆಪ್ಪೆ ಕೆಲವು ವಾರ ಪೂರ್ತಿ ಮುಚ್ಚದೆ ಇರುವ ಸಾಧ್ಯತೆ ಇದೆ. ಥೈರಾಯ್ಡ್‌ನಿಂದ ಕಣ್ಣು ಉಬ್ಬಿದವರು ಕಾಯಿಲೆ ಕನಿಷ್ಠ ಆರು ತಿಂಗಳು ಒಂದೇ ಸಮನೆ ನಿಂತಿದೆ ಎಂದು ಖಾತ್ರಿಯಾಗುವವರೆಗೆ ಕಾಯಬೇಕು. ಕನ್ನಡಕ ಬಿಡಲು ಲೇಸರಿನ ಲೇಸಿಕ್ ಮಾಡಿಸಿದವರಿಗೂ ಆರು ತಿಂಗಳು.

ಆಪರೇಷನ್ ಚಿಕ್ಕದೇ. ಎರಡೂ ಕಣ್ಣಿಗೆ ಸೇರಿ ಒಂದರಿಂದ ಒಂದೂವರೆ ಗಂಟೆ. ಅಡ್ರಿನಲಿನ್ ಬೆರೆತ ಲಿಗ್ನೊಕೇನ್ ಚುಚ್ಚಿ ಮರಗಟ್ಟಿಸಿ, ರಕ್ತನಾಳಗಳು ಕುಗ್ಗಲೆಂದು ಕೆಲವು ನಿಮಿಷ ಕಾದು, ಆಮೇಲೆ ಕತ್ತರಿ ಹಿಡಿಯುತ್ತಾರೆ. ಒಳ್ಳೆಯ ಕೈ ಯಾವುದೆಂದು ಗೊತ್ತಾಗುವುದು ಕತ್ತರಿಸುವಾಗಲ್ಲ, ಗೆರೆ ಎಳೆಯುವಾಗ. ಗೆರೆಯನ್ನು ನೀವು ಕೂತಿರುವಾಗಲೇ ಎಳೆಯಬೇಕು. ಮಲಗಿದರೆ ಚರ್ಮ ಹಿಂದಕ್ಕೆ ಸರಿದು ಅಂದಾಜು ತಪ್ಪುತ್ತದೆ. ಕೆಳಗಿನ ಗೆರೆ ಸಹಜ ಮಡಿಕೆಯ ಮೇಲೆ ಬರಬೇಕು: ಹೆಂಗಸರಲ್ಲಿ ರೆಪ್ಪೆಕೂದಲಿನಿಂದ ಸುಮಾರು 8ರಿಂದ 10 ಮಿ.ಮೀ., ಗಂಡಸರಲ್ಲಿ 6ರಿಂದ 8. ಹುಬ್ಬಿನ ಕೆಳಗಂಚಿನಿಂದ ರೆಪ್ಪೆಕೂದಲಿನವರೆಗೆ ಕನಿಷ್ಠ 20 ಮಿ.ಮೀ. ಚರ್ಮ ಉಳಿಯಬೇಕು ಎಂಬುದು ಈ ಕಸುಬಿನವರು ಸಾಮಾನ್ಯವಾಗಿ ಬಿಡದೆ ಪಾಲಿಸುವ ಲೆಕ್ಕ. 'ಇಷ್ಟು ದೂರ ಬಂದಿದ್ದೇವೆ, ಇನ್ನೊಂಚೂರು ತೆಗೆಯಿರಿ' ಎಂದು ದಯವಿಟ್ಟು ಕೇಳಬೇಡಿ. ಕಡಿಮೆ ತೆಗೆದಿದ್ದರೆ ಆರು ತಿಂಗಳ ನಂತರ ಇನ್ನಷ್ಟು ತೆಗೆಯಬಹುದು. ಹೆಚ್ಚು ತೆಗೆದರೆ ಕಣ್ಣು ಮುಚ್ಚುವುದಿಲ್ಲ. ರಾತ್ರಿಯೆಲ್ಲ ಕರಿಗುಡ್ಡೆ ಒಣಗಿ ಹುಣ್ಣಾಗುತ್ತದೆ, ಸರಿಪಡಿಸಲು ಬೇರೆ ಕಡೆಯ ಚರ್ಮ ತಂದು ಕೂರಿಸಬೇಕಾಗಬಹುದು. ಕೊಬ್ಬಿನ ವಿಷಯವೂ ಹೀಗೆಯೇ. ಮೂಗಿನ ಕಡೆಯ ಉಬ್ಬನ್ನು ಹದವಾಗಿ ತೆಗೆಯಬಹುದು, ಎಲ್ಲವನ್ನೂ ತೆಗೆದರೆ ಕಣ್ಣು ಗುಳಿಬಿದ್ದು ವಯಸ್ಸಾದಂತೆ ಕಾಣುತ್ತದೆ. ಹೊರಮೂಲೆಯ ಉಬ್ಬು ಹಲವು ಸಲ ಕೊಬ್ಬೇ ಅಲ್ಲ, ಕಣ್ಣೀರಿನ ಗ್ರಂಥಿ, ಅದನ್ನು ಮುಟ್ಟಬಾರದು.

ಆಪರೇಷನ್ ನಡುವೆ 'ಕಣ್ಣು ತೆರೆಯಿರಿ, ಮುಚ್ಚಿ, ಮೇಲೆ ನೋಡಿ' ಎಂದು ಡಾಕ್ಟರು ಹೇಳುತ್ತಾರೆ. ಎರಡು ಕಡೆ ಸಮ ಬಂದಿದೆಯೇ ಎಂದು ನೋಡುವುದು ಹಾಗೆಯೇ. ಅಷ್ಟು ಇಂಗ್ಲಿಷ್ ಅರ್ಥವಾಗಬೇಕು. ಅಮ್ಮನನ್ನೋ ಅತ್ತೆಯನ್ನೋ ಕಳಿಸುವುದಾದರೆ ಆ ನಾಲ್ಕು ಮಾತನ್ನು ಮೊದಲೇ ಹೇಳಿಕೊಟ್ಟು ಕಳಿಸಿ.

ಆಸ್ಪತ್ರೆಯ ಆಯ್ಕೆಗೆ ಬಂದರೆ, ಬ್ಯಾಂಕಾಕ್‌ನ ದೊಡ್ಡ ಆಸ್ಪತ್ರೆಗಳ ವ್ಯವಸ್ಥೆ ಗಟ್ಟಿಯಾಗಿದೆ. ಅಲ್ಲಿನ ಬುಮ್ರುಂಗ್ರಾಡ್ ಆಸ್ಪತ್ರೆಗೆ 2002ರಲ್ಲೇ ಜೆಸಿಐ (ಆಸ್ಪತ್ರೆಗಳ ಗುಣಮಟ್ಟ ನೋಡುವ ಅಂತರರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಸಿಕ್ಕಿತ್ತು. ಆದರೆ ಜೆಸಿಐ ನೋಡುವುದು ಆಸ್ಪತ್ರೆಯ ಶಿಸ್ತನ್ನು, ನಿಮ್ಮ ರೆಪ್ಪೆ ಕತ್ತರಿಸುವ ಡಾಕ್ಟರ ಕೈಯನ್ನಲ್ಲ. ಡಾಕ್ಟರ ಹೆಸರು ಮೊದಲೇ ಬರಹದಲ್ಲಿ ಬೇಕು. ಥಾಯ್ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಇದೆಯೇ, ಆಕ್ಯುಲೋಪ್ಲಾಸ್ಟಿ (ಕಣ್ಣಿನ ಸುತ್ತಲಿನ ಪ್ಲಾಸ್ಟಿಕ್ ಸರ್ಜರಿ) ಅಥವಾ ಪ್ಲಾಸ್ಟಿಕ್ ಸರ್ಜರಿಯ ತರಬೇತಿ ಇದೆಯೇ ನೋಡಿ. ಹೆಸರು ಹೇಳದೆ 'ನಮ್ಮ ಟೀಮ್ ಮಾಡುತ್ತದೆ' ಎನ್ನುವ ಏಜೆಂಟಿಗೆ ಮುಂಗಡ ಕಟ್ಟಬೇಡಿ. ಎದುರು ಕೂರಿಸಿ ನೋಡಿದ ಮೇಲೆ ಡಾಕ್ಟರು 'ಬೇಡ' ಎಂದರೆ ಹಣ ವಾಪಸ್ ಬರುತ್ತದೆಯೇ ಎಂದು ಕೇಳಿ. ಬರುವುದಿಲ್ಲ ಎಂದಾದರೆ ಆ ಡಾಕ್ಟರ ಮೇಲೆ 'ಬೇಡ' ಎನ್ನದಿರುವ ಒತ್ತಡ ಇದ್ದೇ ಇರುತ್ತದೆ.

ದಕ್ಷಿಣ ಕೊರಿಯಾದ ಸೋಲ್ ನಗರದ ಹೆಸರು ಹೇಳುವವರೂ ಇದ್ದಾರೆ. ಅಲ್ಲಿ ಹೆಚ್ಚು ನಡೆಯುವುದು ಮಡಿಕೆ ಇಲ್ಲದ ರೆಪ್ಪೆಗೆ ಮಡಿಕೆ ಕೂರಿಸುವ ಆಪರೇಷನ್. ನಮ್ಮಲ್ಲಿ ಬಹುತೇಕರಿಗೆ ಮಡಿಕೆ ಹುಟ್ಟಿನಿಂದಲೇ ಇದೆ, ಹಾಗಾಗಿ ಆ ಜಾಹೀರಾತಿನ 'ಮೊದಲು–ನಂತರ' ಫೋಟೊಗಳು ನಿಮ್ಮ ಕಣ್ಣಿಗೆ ಏನೂ ಹೇಳುವುದಿಲ್ಲ. ಮಾತಾಡಿಸಿದ ಡಾಕ್ಟರ ಬದಲು ಬೇರೆಯವರು ಕತ್ತರಿ ಹಿಡಿದ ಪ್ರಕರಣಗಳಿಂದಾಗಿ, ಪ್ರಜ್ಞೆ ತಪ್ಪಿಸಿ ಮಾಡುವ ಆಪರೇಷನ್ನುಗಳನ್ನು ರೋಗಿ ಕೇಳಿದರೆ ಕ್ಯಾಮೆರಾದಲ್ಲಿ ದಾಖಲಿಸಬೇಕೆಂಬ ಕಾನೂನು ಅಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು.

ಇನ್ನು ದಿನಗಳ ಲೆಕ್ಕ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಅದಕ್ಕೂ ಮುಂಚೆ ಹಾಸನದಿಂದ ಬೆಂಗಳೂರಿಗೆ 185 ಕಿ.ಮೀ., ಚಿಕ್ಕಮಗಳೂರಿನಿಂದ 245ರ ಆಸುಪಾಸು, ಆಮೇಲೆ ದೇವನಹಳ್ಳಿಯ ದಾರಿ. ತಲುಪಿದ ದಿನ ಬಿಟ್ಟು ಮಾರನೇ ದಿನ ಪರೀಕ್ಷೆ, ಮೂರನೇ ದಿನ ಆಪರೇಷನ್, ನಾಲ್ಕನೇ ದಿನ ತಪಾಸಣೆ. ಹೊಲಿಗೆ ಬಿಚ್ಚುವುದು ಆಪರೇಷನ್ ಆಗಿ 5ರಿಂದ 7 ದಿನಕ್ಕೆ, ಅಂದರೆ ತಲುಪಿದ 8ನೇ ದಿನದಿಂದ 10ನೇ ದಿನದೊಳಗೆ. ಐದು ರಾತ್ರಿಯ ಪ್ಯಾಕೇಜಿನಲ್ಲಿ ಹೊಲಿಗೆಯ ಸಮೇತ ವಿಮಾನ ಹತ್ತಿಸುತ್ತಾರೆ. ವಿಮಾನದೊಳಗಿನ ಗಾಳಿ ವಿಪರೀತ ಒಣ, ಪೂರ್ತಿ ಮುಚ್ಚದ ಕಣ್ಣಿಗೆ ಅದು ಉರಿ. ಊರಿಗೆ ಬಂದು 'ನಾಳೆ ಬಿಚ್ಚಿಸೋಣ' ಎನ್ನುತ್ತ ಹತ್ತು ದಿನ ದಾಟಿದರೆ ದಾರದ ಸುತ್ತ ಚರ್ಮ ಬೆಳೆದು ಸಣ್ಣ ಸುರಂಗಗಳಾಗುತ್ತವೆ, ಬಿಳಿ ಕಾಳಿನಂಥ ಗುಳ್ಳೆಗಳು ಏಳುತ್ತವೆ. ಚರ್ಮದೊಳಗೇ ಓಡಿಸಿದ ಒಂದೇ ದಾರವಾಗಿದ್ದರೆ ಎಲ್ಲಿಂದ ಎಳೆಯಬೇಕೆಂದು ಅಲ್ಲಿನ ಡಾಕ್ಟರ ಚೀಟಿ ಇಲ್ಲದೆ ಇಲ್ಲಿನ ಡಾಕ್ಟರಿಗೆ ತಿಳಿಯದು. ಒಂಬತ್ತು–ಹತ್ತು ರಾತ್ರಿ ಇರಲು ಆಗದಿದ್ದರೆ ಬ್ಯಾಂಕಾಕ್ ಆರಿಸಬೇಡಿ.

ಪಟ್ಟಾಯದ ಭೇಟಿಯನ್ನು ಪ್ಯಾಕೇಜಿನಿಂದ ತೆಗೆಸಿಹಾಕಿ. ಸಮುದ್ರದ ನೀರು, ಬಿಸಿಲು, ಮದ್ಯ ಮೂರೂ ಹಸಿ ಗಾಯಕ್ಕೆ ಆಗದವು. ಅದಕ್ಕಿಂತ ಮುಖ್ಯ, ಪಟ್ಟಾಯ ಬ್ಯಾಂಕಾಕ್‌ನಿಂದ ಎರಡು ಗಂಟೆಯ ದಾರಿ. ಈ ಆಪರೇಷನ್ನಿನಲ್ಲಿ ದೃಷ್ಟಿಯನ್ನೇ ಕಸಿಯಬಲ್ಲ ಅಪಾಯ ಒಂದಿದೆ: ಕಣ್ಣುಗುಡ್ಡೆಯ ಹಿಂದೆ ರಕ್ತ ಸೋರಿ ಒತ್ತಡ ಏರುವುದು. ತೀರಾ ಅಪರೂಪ, ಆದರೆ ಸಂಭವಿಸಿದರೆ ಹೆಚ್ಚಾಗಿ ಮೊದಲ 24 ಗಂಟೆಯೊಳಗೇ ಆಗುತ್ತದೆ. ಒಂದೇ ಕಣ್ಣಿನಲ್ಲಿ ತಡೆಯಲಾರದ ನೋವು, ಗುಡ್ಡೆ ಮುಂದಕ್ಕೆ ತಳ್ಳಿದಂತಾಗುವುದು, ದೃಷ್ಟಿ ಮಸುಕಾಗುವುದು ಇದರ ಲಕ್ಷಣ. ಒಂದೂವರೆ ಗಂಟೆಯೊಳಗೆ ಒತ್ತಡ ಇಳಿಸದಿದ್ದರೆ ದೃಷ್ಟಿಯ ನರ ಸಾಯಬಹುದು. ಆದ್ದರಿಂದ ಮೊದಲ ಎರಡು ರಾತ್ರಿ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರದ ಹೋಟೆಲ್ ಬೇಕು. ಒಬ್ಬರು ಜೊತೆಗಿರಬೇಕು, ಎರಡು ಗಂಟೆಗೊಮ್ಮೆ ಒಂದೊಂದೇ ಕಣ್ಣಿನಿಂದ ಅಕ್ಷರ ಓದಿಸಿ ನೋಡಬೇಕು. ಬ್ಯಾಂಡೇಜಿನಿಂದ ಕಣ್ಣು ಪೂರ್ತಿ ಮುಚ್ಚಬಾರದು ಎನ್ನುವುದು ಇದಕ್ಕೇ.

ಹೀಗೆ ರಕ್ತ ಸೋರುವುದಕ್ಕೆ ಮಾತ್ರೆಗಳ ಪಾಲೂ ಇದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥವನ್ನು ನುಂಗುತ್ತಿದ್ದರೆ ಬರೆದುಕೊಟ್ಟ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ; ನಿಲ್ಲಿಸಲು ಅವರು ಒಪ್ಪದಿದ್ದರೆ ಆಪರೇಷನ್ನನ್ನೇ ಬಿಡಿ. ಮೀನೆಣ್ಣೆಯ ಕ್ಯಾಪ್ಸೂಲ್, ವಿಟಮಿನ್ ಇ, ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್ ಕೂಡ ರಕ್ತ ಹೆಪ್ಪುಗಟ್ಟುವುದನ್ನು ತಡಮಾಡಬಹುದು. ಆಪರೇಷನ್ ನಂತರದ ನೋವಿಗೆ ಪ್ಯಾರಸಿಟಮಾಲ್ ಸಾಕು.

ಮೊದಲ 48 ಗಂಟೆ ಎಚ್ಚರವಿರುವಾಗ ಗಂಟೆಗೊಮ್ಮೆ 10–15 ನಿಮಿಷ ತಣ್ಣನೆಯ ಗಾಜ್ ಇಡಿ, ಮಂಜುಗಡ್ಡೆಯನ್ನು ನೇರ ಇಡಬೇಡಿ. ಮರಗಟ್ಟಿದ ರೆಪ್ಪೆಗೆ ಸುಟ್ಟರೂ ಗೊತ್ತಾಗುವುದಿಲ್ಲ. ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿ. ಎರಡು–ಮೂರನೇ ದಿನ ಊತ ಅತಿಯಾಗಿರುತ್ತದೆ, ಒಂದು ಕಣ್ಣು ಇನ್ನೊಂದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಹೆದರಬೇಡಿ. ಹಸಿರು–ಹಳದಿ ಬಣ್ಣ ಎರಡು ವಾರಕ್ಕೆ ಬಹುಪಾಲು ಇಳಿಯುತ್ತದೆ, ನಿಜವಾದ ಆಕಾರ ಕಾಣಲು ಮೂರು ತಿಂಗಳಾದರೂ ಬೇಕು. ಕಾಡಿಗೆ, ಕಾಂಟ್ಯಾಕ್ಟ್ ಲೆನ್ಸ್ ಎರಡು ವಾರ ಬೇಡ.

ಖರ್ಚನ್ನು ಹೋಲಿಸುವಾಗ ಪ್ಯಾಕೇಜಿನ ಮೊತ್ತವನ್ನು ಬೆಂಗಳೂರಿನ ಡಾಕ್ಟರ ಫೀಸಿನ ಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತದೆ. ಜೊತೆಯವರ ಟಿಕೆಟ್, ಹೆಚ್ಚುವರಿ ನಾಲ್ಕೈದು ರಾತ್ರಿ, ಊರಿನ ಕೆಲಸಕ್ಕೆ ಬದಲಿ ಆಳು ಎಲ್ಲ ಸೇರಿಸಿ. ಸರಿಯಾಗದಿದ್ದರೆ ಮತ್ತೆ ಮಾಡಿಕೊಡುತ್ತೇವೆ ಎನ್ನುವ ಭರವಸೆಯಲ್ಲಿ ವಿಮಾನದ ಖರ್ಚು ಸಾಮಾನ್ಯವಾಗಿ ಇರುವುದಿಲ್ಲ. ಸಾಮಾನ್ಯ ಪ್ರವಾಸ ವಿಮೆ ಮೊದಲೇ ಗೊತ್ತುಮಾಡಿಕೊಂಡ ಆಪರೇಷನ್ನಿಗೆ ಒದಗುವುದಿಲ್ಲ. ಚರ್ಮ ನೋಟಕ್ಕೇ ಅಡ್ಡ ಬರುತ್ತಿದ್ದರೆ ರೆಪ್ಪೆಗೆ ಟೇಪ್ ಹಾಕಿ ಮತ್ತು ಹಾಕದೆ ಎರಡು ಸಲ ಫೀಲ್ಡ್ ಟೆಸ್ಟ್ (ನೋಟ ಎಷ್ಟು ಅಗಲಕ್ಕೆ ಹರಡಿದೆ ಎಂಬ ಪರೀಕ್ಷೆ) ಮಾಡಿಸಿ, ಇಲ್ಲಿನ ಆರೋಗ್ಯ ವಿಮೆಯವರನ್ನು ಮೊದಲು ಕೇಳಿ. ಆಗ ಅದು ಬರೀ ಸೌಂದರ್ಯದ ಆಪರೇಷನ್ ಅಲ್ಲ. ಆಕ್ಯುಲೋಪ್ಲಾಸ್ಟಿ ತಜ್ಞರು ಬೆಂಗಳೂರಿನಲ್ಲೂ ಇದ್ದಾರೆ, ನಾಲ್ಕನೇ ವಾರ ಅನುಮಾನ ಬಂದರೂ ಬೆಳಿಗ್ಗೆ ಹೊರಟು ಸಂಜೆಗೆ ತೋರಿಸಿಕೊಂಡು ಬರಬಹುದು. ಈ ಅನುಕೂಲಕ್ಕೆ ಬೆಲೆ ಕಟ್ಟಿದರೆ ಬ್ಯಾಂಕಾಕ್ ನಿಜಕ್ಕೂ ಅಗ್ಗವಾಗುವುದು ಕೆಲವರಿಗೆ ಮಾತ್ರ.

ಬ್ಯಾಂಕಾಕ್‌ನಿಂದ ಹೊರಡುವ ಮುನ್ನ ಆಪರೇಷನ್ ನೋಟ್ ಇಂಗ್ಲಿಷಿನಲ್ಲಿ ಪಡೆಯಿರಿ: ಎಷ್ಟು ಮಿ.ಮೀ. ಚರ್ಮ, ಯಾವ ಕೊಬ್ಬು, ಯಾವ ದಾರ, ಯಾವ ಡ್ರಾಪ್ಸ್ ಎಷ್ಟು ದಿನ. ಅದನ್ನು ಮೊದಲು ಅಳತೆ ಮಾಡಿದ ನಿಮ್ಮೂರಿನ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಹಿರಿಯರು ಪ್ರೀತಿಯಿಂದ ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಜೇನು ತರುತ್ತಾರೆ. ಹೊಲಿಗೆಯ ಗಾಯ ಇರುವ ಕಣ್ಣಿಗೆ ಒಂದನ್ನೂ ಹಾಕಬೇಡಿ.

ತೋಟದವರು ತಿಂಗಳನ್ನೂ ನೋಡಿ ಹೊರಡಬೇಕು. ಏಪ್ರಿಲ್ ಬಿಡುವೆಂದು ಹೊರಟರೆ 13ರಿಂದ 15ರವರೆಗೆ ಥಾಯ್ಲೆಂಡಿನಲ್ಲಿ ಸೋಂಗ್‌ಕ್ರಾನ್, ಬೀದಿಯಲ್ಲಿ ಸಿಕ್ಕವರ ಮುಖಕ್ಕೆಲ್ಲ ನೀರು ಎರಚುತ್ತಾರೆ. ಮೇ ಕೊನೆಗೆ ಬಂದರೆ ಮಳೆಗೆ ಮುಂಚಿನ ಬೋರ್ಡೋ ಸಿಂಪಡಣೆ ಕಾದಿರುತ್ತದೆ. ಮೈಲುತುತ್ತ, ಸುಣ್ಣದ ಆ ಹನಿ ಪೂರ್ತಿ ಮುಚ್ಚದ ಕಣ್ಣಿಗೆ ಬಿದ್ದರೆ ಕರಿಗುಡ್ಡೆ ಸುಡುತ್ತದೆ. ಕೊಯ್ಲಿನ ಕಾಲದಲ್ಲಿ ಕಣದ ಧೂಳು, ಬಗ್ಗಿ ಮೂಟೆ ಎತ್ತುವ ಕೆಲಸ. ಎರಡು ವಾರ ಐದು ಕಿಲೋ ಮೇಲೆ ಎತ್ತಬಾರದು, ತಲೆ ಬಗ್ಗಿಸಬಾರದು. ಕೊಯ್ಲು, ಒಣಗಿಸುವುದು ಮುಗಿದು ಮಾರ್ಚ್ ಮೊದಲ ವಾರಗಳಲ್ಲಿ ಹೋಗಿ, ಬಂದ ಮೇಲೆ ಮೂರು ವಾರ ಅಂಚು ಅಗಲದ ಟೋಪಿ, ತಂಪು ಕನ್ನಡಕ ಇಲ್ಲದೆ ತೋಟಕ್ಕೆ ಇಳಿಯದಿದ್ದರೆ ಗಾಯದ ಗೆರೆ ಕಪ್ಪಾಗದೆ ಮಡಿಕೆಯೊಳಗೆ ಸೇರಿಹೋಗುವ ಸಾಧ್ಯತೆ ಹೆಚ್ಚು.