ಸ್ಮಾರಕದ ಮಗ್ಗುಲಿನ ದವಾಖಾನೆ: ಹಳೆಯ ಗೋಡೆ ಕೆಡವುವ ಮೊದಲು

ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ, ಚಾಲುಕ್ಯರ ಕಾಲದ ಗುಡಿಯ ಸಮೀಪವಿದ್ದ ಹಳೆಯ ದವಾಖಾನೆಯನ್ನು 30 ಹಾಸಿಗೆಗಳ ಸಮುದಾಯ ಆರೋಗ್ಯ ಕೇಂದ್ರವಾಗಿ ಬೆಳೆಸುವ ಕೆಲಸಕ್ಕೆ ನಾನು ವಾಸ್ತುಶಿಲ್ಪಿಯಾಗಿದ್ದೆ. ಆ ಜಾಗದಲ್ಲಿ ಆ ಕೇಂದ್ರ ಆಗಲಿಲ್ಲ, ಮೊದಲಿದ್ದ ದವಾಖಾನೆಯೂ ಅರ್ಧ ಹೋಯಿತು. ತಪ್ಪಿನಲ್ಲಿ ನನ್ನ ಪಾಲು ಸಣ್ಣದಲ್ಲವಾದ್ದರಿಂದ ಊರಿನ ಹೆಸರನ್ನೂ ಕಚೇರಿಗಳ ಹೆಸರನ್ನೂ ಬಿಟ್ಟಿದ್ದೇನೆ. ಐಹೊಳೆ, ಬಾದಾಮಿ, ವಿಜಯಪುರ, ಬೀದರ್, ಶ್ರೀರಂಗಪಟ್ಟಣಗಳಂಥ ಕಡೆ, ವಾಸದ ಓಣಿಗಳು ಸ್ಮಾರಕಗಳಿಗೆ ಆತುಕೊಂಡೇ ಇರುವಲ್ಲಿ, ಆಸ್ಪತ್ರೆಯನ್ನೋ ಶಾಲೆಯನ್ನೋ ಕಟ್ಟಲು ಹೊರಟವರು ಇದನ್ನು ಓದಬೇಕೆಂಬುದು ನನ್ನ ಆಸೆ.

ದವಾಖಾನೆ ಮುಂಬೈ ಸರ್ಕಾರದ ಕಾಲದ್ದು. ಎರಡು ಅಡಿ ದಪ್ಪದ ಮರಳುಗಲ್ಲಿನ ಗೋಡೆ, ಒಳಗೆ ಮಣ್ಣಿನ ಕೆಸರು, ಹೊರಗೆ ಸುಣ್ಣದ ಗಚ್ಚು. ಮುಂದೆ ಮೂರು ಕೋಣೆಗಳು, ಹಿಂದೆ ಉದ್ದನೆಯ ಒಂದು ವಾರ್ಡು. ವಾರ್ಡಿನ ಜಂತಿಗಳಿಗೆ ಗೆದ್ದಲು ಹತ್ತಿತ್ತು, ಮಳೆಗಾಲದಲ್ಲಿ ಮಾಳಿಗೆ ಸೋರುತ್ತಿತ್ತು. ಹಿಂದಿನ ಭಾಗವನ್ನು ಕೆಡವಿ, ಅದೇ ಪಾಯದ ಅಳತೆಯಲ್ಲಿ ಎರಡು ಅಂತಸ್ತು ಕಟ್ಟುವುದೆಂದು ನಿರ್ಧಾರವಾಯಿತು. ಬಯಲುನಾಡಿನ ಯಾವ ಊರಿಗಾದರೂ ಹೊಂದುವ ಮಾದರಿ ನಕ್ಷೆಯೊಂದು ಕಡತದಲ್ಲಿ ಸಿದ್ಧವಾಗಿತ್ತು. ಶಸ್ತ್ರಚಿಕಿತ್ಸಾ ಕೊಠಡಿ, ಹೆರಿಗೆ ಕೋಣೆ, ಎಕ್ಸ್‌ರೇ ಎಲ್ಲವೂ ಅದರಲ್ಲಿದ್ದವು. ನಾನು ಅದರ ಮುಂಭಾಗಕ್ಕೆ ನಾಲ್ಕು ಕಲ್ಲಿನ ಕಂಬಗಳನ್ನು ಸೇರಿಸಿ, ಪರಂಪರೆಗೆ ಹೊಂದುವಂತೆ ಮಾಡಿದೆನೆಂದು ಬೀಗಿದೆ.

ಕಡತದಲ್ಲಿ ಇನ್ನೊಂದು ಕಾಗದವೂ ಇತ್ತು: ಗುಡಿಯಿಂದ ನಮ್ಮ ಗೋಡೆಗೆ 108 ಮೀಟರ್ ಎಂಬ ಅಳತೆ. 1958ರ ಪುರಾತತ್ವ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತಲಿನ ಮೊದಲ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಾವು ನೂರನ್ನು ದಾಟಿದ್ದೇವೆ, ಅರ್ಜಿ ಹಾಕಿದರೆ ಅನುಮತಿ ಬರುತ್ತದೆ ಎಂದು ಎಲ್ಲರೂ ನಂಬಿದೆವು. ಆದರೆ ಆ ಅಳತೆಯ ಟೇಪು ಹಿಡಿದದ್ದು ಗುಡಿಯ ಗೋಡೆಯಿಂದ. ಕಾನೂನು ಅಳೆಯುವುದು ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ. ಅಧಿಸೂಚನೆಯನ್ನು ತರಿಸಿ ನೋಡಿದರೆ ಗುಡಿಯ ಜೊತೆಗೆ ಪುಷ್ಕರಣಿಯೂ, ಅದರಾಚೆ ನಾವು ಬಯಲೆಂದುಕೊಂಡಿದ್ದ ದಿಬ್ಬವೂ ಅದೇ ಸರ್ವೆ ನಂಬರಿನಲ್ಲಿ ಸೇರಿದ್ದವು. ಹದ್ದುಬಸ್ತು, ಅಂದರೆ ಜಮೀನಿನ ಎಲ್ಲೆಯನ್ನು ಅಳೆದು ಗುರುತಿಸುವ ಕೆಲಸ, ಮಾಡಿಸಿದಾಗ ನಮ್ಮ ಗೋಡೆಗೆ ಸಿಕ್ಕ ಅಂತರ 43 ಮೀಟರ್. ಹದ್ದುಬಸ್ತಿಗೆ ಅರ್ಜಿ ಹಾಕುವುದು ಮೊದಲ ವಾರದ ಕೆಲಸವಾಗಬೇಕಿತ್ತು. ನಾವು ಅದನ್ನು ಹನ್ನೊಂದನೆಯ ತಿಂಗಳಿನಲ್ಲಿ ಮಾಡಿದೆವು.

ಅಷ್ಟರಲ್ಲಿ ಹಿಂದಿನ ವಾರ್ಡು ನೆಲಸಮವಾಗಿತ್ತು. ಮಾರ್ಚ್ ಅಂತ್ಯದೊಳಗೆ ಹಣ ಖರ್ಚಾಗದಿದ್ದರೆ ವಾಪಸು ಹೋಗುತ್ತದೆಂಬ ಅವಸರದಲ್ಲಿ, ಅನುಮತಿ ಬರುವ ಮೊದಲೇ ಕೆಡವುವ ಕೆಲಸಕ್ಕೆ ಆದೇಶ ಹೊರಟಿತು. ಕೆಡವುವುದು ಕಟ್ಟುವುದಲ್ಲವಲ್ಲ ಎಂದು ನಾನೂ ಸುಮ್ಮನಿದ್ದೆ. ನಮ್ಮ ಅತಿ ದೊಡ್ಡ ನಷ್ಟ ಇಲ್ಲಿಯೇ ಆದದ್ದು. ನಿಷೇಧಿತ ಪ್ರದೇಶದಲ್ಲಿ ಕಾನೂನು ಉಳಿಸಿಕೊಟ್ಟಿರುವುದು ಒಂದೇ ದಾರಿ: 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡವನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು, ನವೀಕರಿಸಬಹುದು. ಅದೇ ಉದ್ದ, ಅದೇ ಅಗಲ, ಅದೇ ಎತ್ತರದಲ್ಲಿ ಹೊಸದಾಗಿ ಎಬ್ಬಿಸುವುದು ಕಾಯ್ದೆಯ ಭಾಷೆಯಲ್ಲಿ ಪುನರ್‌ನಿರ್ಮಾಣ, ಅದಕ್ಕೆ ನಿಯಂತ್ರಿತ ಪ್ರದೇಶದಲ್ಲಿ ಅವಕಾಶವುಂಟು, ನಿಷೇಧಿತ ಪ್ರದೇಶದಲ್ಲಿ ಇಲ್ಲ. ಮೇಲೊಂದು ಅಂತಸ್ತು ಏರಿಸುವುದಂತೂ ನೇರವಾಗಿ ನಿರ್ಮಾಣವೇ. ಅಂದರೆ ಸೋರುತ್ತಿದ್ದ ಆ ವಾರ್ಡು, ಸೋರುತ್ತಿದ್ದರೂ, ಆ ಜಾಗದಲ್ಲಿ ನಮಗಿದ್ದ ಏಕೈಕ ಹಕ್ಕಾಗಿತ್ತು. ಗೆದ್ದಲು ತಿಂದ ಜಂತಿಗಳನ್ನು ಬದಲಿಸಿ, ಗೋಡೆಗಳನ್ನು ಉಳಿಸಿಕೊಂಡಿದ್ದರೆ ವಾರ್ಡು ಇಂದಿಗೂ ಇರುತ್ತಿತ್ತು. ನಿಯಮ ಮುರಿದು ಕಟ್ಟಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಸರ್ಕಾರಿ ಕೆಲಸವೆಂಬ ವಿನಾಯಿತಿ ಇದಕ್ಕಿಲ್ಲ.

ಕೆಡವಿದ ಗೋಡೆಯನ್ನು ನೆನೆದರೆ ಇನ್ನೊಂದು ವಿಷಯ ಕಾಡುತ್ತದೆ. ಎಕ್ಸ್‌ರೇ ಕೋಣೆಯಲ್ಲಿ ಕಿರಣ ನೇರವಾಗಿ ಬೀಳುವ ಗೋಡೆ 35 ಸೆಂಟಿಮೀಟರ್ ಇಟ್ಟಿಗೆಗೆ ಸಮನಾಗಿರಬೇಕೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹೇಳುತ್ತದೆ. ನಮ್ಮ ಬಳಿ 60 ಸೆಂಟಿಮೀಟರ್ ಕಲ್ಲಿನ ಗೋಡೆಯಿತ್ತು; ಸಂದುಗಳನ್ನು ಗಟ್ಟಿಯಾಗಿ ತುಂಬಿಸಿದ್ದರೆ ಸಾಕಾಗುತ್ತಿತ್ತೆಂದು ನನಗೆ ಅನಿಸುತ್ತದೆ. ಅದನ್ನು ಕೆಡವಿಸಿದ ಸಭೆಯಲ್ಲಿಯೇ ನಾವು ಹೊಸ ತೆಳು ಗೋಡೆಗೆ ಸೀಸದ ಹಾಳೆ ಎಷ್ಟು ಬೇಕೆಂದು ಲೆಕ್ಕ ಹಾಕುತ್ತಿದ್ದೆವು.

ಉಳಿದ ಮುಂಭಾಗಕ್ಕೂ ನಾವು ಒಳ್ಳೆಯದನ್ನು ಮಾಡಲಿಲ್ಲ. ಹೆರಿಗೆ ಕೋಣೆಯ ಗೋಡೆ ತೊಳೆಯುವಂತಿರಬೇಕೆಂದು ಹಳೆಯ ಗಚ್ಚನ್ನು ಕೆತ್ತಿಸಿ, ಸಿಮೆಂಟಿನ ಗಿಲಾವು ಹಾಕಿಸಿ, ಮೇಲೆ ಎಣ್ಣೆ ಬಣ್ಣ ಬಳಿಸಲಾಯಿತು. ಪಾಯದಿಂದ ಏರುವ ತೇವ ಸುಣ್ಣದ ಗಾರೆಯ ಮೂಲಕ ಹೊರಗೆ ಆರಿಹೋಗುತ್ತಿತ್ತು. ಸಿಮೆಂಟು ಆ ದಾರಿಯನ್ನು ಮುಚ್ಚಿತು. ಒಂದೇ ಮಳೆಗಾಲದಲ್ಲಿ ಮೊಣಕಾಲೆತ್ತರದವರೆಗೆ ಉಪ್ಪು ಹೂಬಿಟ್ಟಿತು, ಬಣ್ಣ ಗುಳ್ಳೆಯೆದ್ದಿತು, ಗಿಲಾವಿನ ಹಿಂದೆ ಮರಳುಗಲ್ಲು ಪದರ ಪದರವಾಗಿ ಉದುರತೊಡಗಿತು. ಸೋಂಕು ತಡೆಯಲೆಂದು ಮಾಡಿದ ಕೆಲಸವೇ ಬೂಸಿಗೆ ನೆಲೆ ಮಾಡಿಕೊಟ್ಟಿತು. ತೊಳೆಯುವ ಮೇಲ್ಮೈ ಬೇಕಾದ ಕಡೆ ಹಳೆಯ ಗೋಡೆಯಿಂದ ಅಂಗೈಯಷ್ಟು ಅಂತರ ಬಿಟ್ಟು, ಗಾಳಿಯಾಡುವಂತೆ ಪ್ರತ್ಯೇಕ ಫಲಕಗಳನ್ನು ನಿಲ್ಲಿಸಬಹುದೆಂದು ನಾನು ಕಲಿತದ್ದು ಆಮೇಲೆ.

ವೈದ್ಯಕೀಯ ತ್ಯಾಜ್ಯದ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಾದರಿ ನಕ್ಷೆಯಲ್ಲಿ ಎರಡು ಮೀಟರ್ ಆಳದ ಹೂಳುವ ಗುಂಡಿ ಇತ್ತು, ನಾನು ಅಳಿಸಿರಲಿಲ್ಲ. 2016ರ ನಿಯಮಗಳು ಆ ಗುಂಡಿಯನ್ನು ಸಾಮೂಹಿಕ ಸಂಸ್ಕರಣಾ ಘಟಕ ಎಟುಕದ ದೂರದ ಊರುಗಳಿಗೆ ಮಾತ್ರ ಬಿಟ್ಟಿವೆ. ಘಟಕದ ವಾಹನ ಬರುವ ಊರಿನಲ್ಲಿ ಅದು ಬೇಕೇ ಇರಲಿಲ್ಲ. ಅಗೆತದ ಮೊದಲ ದಿನವೇ ಗುದ್ದಲಿಗೆ ಒಡೆದ ವೀರಗಲ್ಲೊಂದು ಸಿಕ್ಕಿತು. ಇಂಥ ಊರಿನ ಮಣ್ಣಿನಲ್ಲಿ ಅದು ಸಿಗದಿದ್ದರೇ ಆಶ್ಚರ್ಯವಾಗಬೇಕಿತ್ತು.

ಈಗ ಇಂಥ ಕೆಲಸ ಬಂದರೆ ನಾನು ಪೆನ್ಸಿಲ್ ಹಿಡಿಯುವ ಮೊದಲು ಸ್ಮಾರಕದ ಅಧಿಸೂಚನೆಯ ಪ್ರತಿ, ಅದರಲ್ಲಿರುವ ಸರ್ವೆ ನಂಬರುಗಳು, ಹದ್ದುಬಸ್ತಿನ ನಕಾಶೆ ಇವು ಮೂರನ್ನೂ ಕೇಳುತ್ತೇನೆ. ಸ್ಮಾರಕ ಕೇಂದ್ರದ ಪಟ್ಟಿಯಲ್ಲಿದೆಯೋ 1961ರ ರಾಜ್ಯ ಕಾಯ್ದೆಯ ಪಟ್ಟಿಯಲ್ಲಿದೆಯೋ ಎಂದು ನೋಡುತ್ತೇನೆ, ಏಕೆಂದರೆ ಅರ್ಜಿ ಹೋಗುವ ಬಾಗಿಲೇ ಬೇರೆಯಾಗುತ್ತದೆ. ಕೇಂದ್ರದ್ದಾದರೆ ಅರ್ಜಿ ಪಡೆದು ಆದೇಶ ಕೊಡುವ ಸಕ್ಷಮ ಪ್ರಾಧಿಕಾರಕ್ಕೆ ಹದಿನೈದು ದಿನ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಎರಡು ತಿಂಗಳು, ಮತ್ತೆ ಆದೇಶಕ್ಕೆ ಒಂದು ತಿಂಗಳು ಎಂದು ಕಾಯ್ದೆಯೇ ಕಾಲಾವಧಿ ಕೊಟ್ಟಿದೆ. ಆ ಮೂರೂವರೆ ತಿಂಗಳನ್ನು ಕಾಮಗಾರಿಯ ವೇಳಾಪಟ್ಟಿಯಲ್ಲಿ ಬರೆಯದೆ ಟೆಂಡರ್ ಕರೆಯಲು ಒಪ್ಪುವುದಿಲ್ಲ.

ಹೊಸ ಕೇಂದ್ರಕ್ಕೆ ಕೊನೆಗೆ ಜಾಗ ಸಿಕ್ಕಿದ್ದು ಊರ ಹೊರಗೆ, ಬಸ್ಸು ದಿನಕ್ಕೆ ನಾಲ್ಕು ಸಲ ಹೋಗುವ ರಸ್ತೆಯಲ್ಲಿ. ಹಳೆಯ ದವಾಖಾನೆಯ ಮುಂದಿನ ಮೂರು ಕೋಣೆಗಳಲ್ಲಿ ಸೋಮವಾರ ಮತ್ತು ಗುರುವಾರ ಹೊರರೋಗಿಗಳನ್ನು ನೋಡುತ್ತಾರೆ. ವಾರ್ಡು ಇದ್ದಲ್ಲಿ ತಂತಿಬೇಲಿಯೊಳಗೆ ಪಾಯದ ಕಲ್ಲುಗಳು ಹಾಗೆಯೇ ಇವೆ, ಸರದಿಯಲ್ಲಿ ಬಂದ ಬಸುರಿಯರು ಅವುಗಳ ಮೇಲೆ ಕೂತು ಕಾಯುತ್ತಾರೆ.